ಕುಲುಮೆಯಲ್ಲೊಂದು ಮಡಚುವ ಚಾಕು

ಪೇಟೆಯ ಅಂಗಡಿಗೆ ಚಾಕು ಕೊಳ್ಳಲು ಹೋದರೆ ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: "ಎಷ್ಟರದ್ದು ಬೇಕು?" ಕುಲುಮೆಗೆ ಹೋದರೆ ಆಚಾರ್ರು ಕೇಳುವ ಪ್ರಶ್ನೆಯೇ ಬೇರೆ: "ಏನು ಕೊಯ್ಯೋದಕ್ಕೆ ತಮ್ಮಾ?" ಮೊದಲನೆಯದಕ್ಕೆ ಜೇಬು ಮುಟ್ಟಿ ನೋಡಿಕೊಂಡು ಉತ್ತರ ಹೇಳಬಹುದು. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ನಿಮ್ಮ ಕೆಲಸ ನಿಮಗೆ ಗೊತ್ತಿರಬೇಕು, ನಿಮ್ಮ ಕೈಯೂ ಗೊತ್ತಿರಬೇಕು. ಒಂದು ಚಾಕು ಹೇಳಿ ಮಾಡಿಸುವುದು ಹೇಗೆ, ಅದರಲ್ಲೂ ಮಡಚಿ ಜೇಬಿಗೆ ಹಾಕಿಕೊಳ್ಳಬಹುದಾದ ಚಾಕನ್ನು ಮಾಡಿಸುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ನಮ್ಮ ಉದಾಹರಣೆಗೆ ಚಿಕ್ಕಮಗಳೂರು ಜಿಲ್ಲೆಯ ಮುತ್ತಿನಕೊಪ್ಪದ ಸುತ್ತಿನ ಪ್ರದೇಶವನ್ನು ತೆಗೆದುಕೊಳ್ಳೋಣ. ನರಸಿಂಹರಾಜಪುರ ತಾಲ್ಲೂಕಿನ ಈ ಊರಿನಿಂದ ಕೊಪ್ಪ, ಶೃಂಗೇರಿಗಳ ಕಡೆಗೆ ಹೋದಂತೆಲ್ಲ ಅಡಿಕೆ ತೋಟ, ಕಾಫಿ, ಮೆಣಸಿನ ಬಳ್ಳಿ, ನಡುನಡುವೆ ರಬ್ಬರ್ ಮರಗಳು. ಇಲ್ಲಿಯ ಯಾವುದಾದರೂ ಹಳೆಯ ಕೃಷಿಕರ ಮನೆಗೆ ಹೋಗಿ, ಅಲ್ಲಿರುವ ಅಲಗುಗಳನ್ನು ಒಮ್ಮೆ ಎಣಿಸಿ ನೋಡಿ. ಗದ್ದೆಗೆ ಕುಡುಗೋಲು, ಬೇಲಿ ಸವರಲು ಕತ್ತಿ, ಅಡಿಕೆ ಸುಲಿಯಲು ಮೆಟ್ಟುಗತ್ತಿ, ಅಡುಗೆಮನೆಯಲ್ಲಿ ಈಳಿಗೆಮಣೆ, ಎಲೆಅಡಿಕೆ ತಟ್ಟೆಯಲ್ಲಿ ಅಡಕತ್ತರಿ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಮೆಟ್ಟುಗತ್ತಿಯ ಅಲಗು ಮೇಲ್ಮುಖವಾಗಿ ನಿಂತಿರುತ್ತದೆ; ಏಕೆಂದರೆ ಅಲ್ಲಿ ಕೈಯಲ್ಲಿ ಹಿಡಿಯುವುದು ಅಡಿಕೆಯನ್ನೇ ಹೊರತು ಕತ್ತಿಯನ್ನಲ್ಲ. ಕುಡುಗೋಲು ಬಾಗಿರುತ್ತದೆ, ಏಕೆಂದರೆ ಪೈರನ್ನು ತನ್ನೊಳಗೆ ಕೂಡಿಸಿಕೊಂಡು ಕೊಯ್ಯಬೇಕು. ಇವುಗಳ ರೂಪವನ್ನು ನಿರ್ಧರಿಸಿದವರು ಕಮ್ಮಾರರು ಮಾತ್ರವಲ್ಲ. ತಲೆಮಾರುಗಳಿಂದ "ಇದು ಸ್ವಲ್ಪ ಉದ್ದವಾಯಿತು", "ಇದು ಕೈಗೆ ಭಾರ" ಎಂದು ಹೇಳುತ್ತ ಬಂದ ಬಳಸುವವರ ಪಾಲೂ ಅದರಲ್ಲಿದೆ.

ಹೀಗೆ ಹೇಳುವವರು ಈಗ ಕಡಿಮೆಯಾಗುತ್ತಿದ್ದಾರೆ. ಅಡಿಕೆ ಸುಲಿಯುವ ಯಂತ್ರ ಬಂದ ಮನೆಗೆ ಹತ್ತಾರು ಮೆಟ್ಟುಗತ್ತಿಗಳು ಬೇಕಾಗಿಲ್ಲ. ಕಳೆ ಕತ್ತರಿಸುವ ಯಂತ್ರ ಬಂದಲ್ಲಿ ಕತ್ತಿಯ ಕೆಲಸವೂ ಇಳಿದಿದೆ. ಹಿಂದೆ ಅನೇಕ ಹಳ್ಳಿಗಳಲ್ಲಿ ಕಮ್ಮಾರರಿಗೆ ಸುಗ್ಗಿಯಲ್ಲಿ ಧಾನ್ಯ ಅಳೆದು ಕೊಡುವ 'ಆಯ'ದ ಪದ್ಧತಿಯಿತ್ತು. ವರ್ಷವಿಡೀ ಊರಿನ ಹತ್ಯಾರುಗಳನ್ನು ಸರಿಪಡಿಸಿಕೊಡುವುದು ಅವರ ಹೊಣೆ, ಅವರ ಮನೆ ನಡೆಯುವಂತೆ ನೋಡಿಕೊಳ್ಳುವುದು ಊರಿನ ಹೊಣೆ. ಆ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಯಾರು ಯಾವ ಕಸುಬು ಮಾಡಬೇಕೆಂಬುದನ್ನು ಹುಟ್ಟೇ ತೀರ್ಮಾನಿಸುತ್ತಿತ್ತು ಎಂಬುದನ್ನು ಮರೆಯಬಾರದು. ಈಗ ಆಯವಿಲ್ಲ, ನಗದು ವ್ಯವಹಾರ. ಕುಲುಮೆಗೆ ಯಾರೂ ಬರದ ದಿನ ಬೆಂಕಿ ಹೊತ್ತುವುದಿಲ್ಲ, ಅಷ್ಟೆ.

ಕಸಿ ಕಟ್ಟುವವರ ಚಾಕು

ಮಡಚುವ ಚಾಕು ಯಾರಿಗೆ ಬೇಕು? ನಮ್ಮ ಕಡೆ ಇದಕ್ಕೆ ಸರಿಯಾದ ಉತ್ತರ ಕಸಿ ಕಟ್ಟುವವರಿಗೆ. ಅಪ್ಪೆಮಿಡಿ, ಹಲಸು, ಜಾಯಿಕಾಯಿ, ಹಿಪ್ಪಲಿಯ ಜಾತಿಯ ಬುಡದ ಮೇಲೆ ಕಾಳುಮೆಣಸು, ಇವನ್ನೆಲ್ಲ ಕಸಿ ಮಾಡುವವರು ತೋಟದಲ್ಲಿ ಮರದಿಂದ ಮರಕ್ಕೆ ಓಡಾಡಬೇಕು. ತೆರೆದ ಅಲಗನ್ನು ಸೊಂಟದಲ್ಲಿಟ್ಟುಕೊಂಡು ಮರ ಹತ್ತುವುದು ಅಪಾಯ. ಅಲ್ಲದೆ ಕಸಿ ಚಾಕಿನ ಬಾಯಿ ಕ್ಷೌರದ ಕತ್ತಿಯಷ್ಟು ಚೂಪಾಗಿರಬೇಕು; ಮಣ್ಣು, ಕಲ್ಲು, ಕೀಲಿಕೈ ಯಾವುದೂ ಅದಕ್ಕೆ ತಾಗಕೂಡದು. ಆದ್ದರಿಂದ ಮಡಚಿದಾಗ ಹಿಡಿಯೇ ಅಲಗಿಗೆ ಒರೆಯಾಗುತ್ತದೆ.

ಕಸಿ ಚಾಕಿಗೆ ಇನ್ನೊಂದು ವಿಶೇಷವಿದೆ. ಸಾಮಾನ್ಯ ಚಾಕಿನ ಬಾಯನ್ನು ಎರಡೂ ಕಡೆಯಿಂದ ಇಳಿಜಾರಾಗಿ ಮಸೆಯುತ್ತಾರೆ. ಕಸಿ ಚಾಕನ್ನು ಬಹುಮಟ್ಟಿಗೆ ಒಂದೇ ಕಡೆಯಿಂದ ಮಸೆಯುತ್ತಾರೆ. ಇನ್ನೊಂದು ಮೈ ಹಲಗೆಯಂತೆ ಚಪ್ಪಟೆ. ಕಾರಣ ಸಸ್ಯಶಾಸ್ತ್ರದಲ್ಲಿದೆ. ತೊಗಟೆಯ ಒಳಗೆ ಕೇಂಬಿಯಂ ಎಂಬ ತೆಳ್ಳನೆಯ ಬೆಳೆಯುವ ಪದರವಿದೆಯೆಂದು ನೀವು ಓದಿದ್ದೀರಿ. ಬುಡದ ಗಿಡದ ಕೇಂಬಿಯಂ ಮತ್ತು ಕಸಿಕಡ್ಡಿಯ ಕೇಂಬಿಯಂ ಒಂದಕ್ಕೊಂದು ಒತ್ತಿ ಕೂತರೆ ಮಾತ್ರ ಕಸಿ ಹತ್ತುತ್ತದೆ. ಕೊಯ್ದ ಮೈ ಕೂದಲೆಳೆಯಷ್ಟು ಉಬ್ಬಿದ್ದರೂ ನಡುವೆ ಸಂದು ಉಳಿಯುತ್ತದೆ. ಅಲಗಿನ ಚಪ್ಪಟೆ ಮೈ ಕಡ್ಡಿಯ ಕಡೆಗಿದ್ದರೆ ಕೊಯ್ತವೂ ಚಪ್ಪಟೆಯಾಗಿ ಬರುತ್ತದೆ. "ಏನು ಕೊಯ್ಯೋದಕ್ಕೆ?" ಎಂಬ ಪ್ರಶ್ನೆಯ ಮಹತ್ವ ಈಗ ನಿಮಗೆ ಗೊತ್ತಾಗಿರಬೇಕು.

ಕುಡುಗೋಲು, ಕತ್ತಿ ಮಾಡುವವರಿಗೆ ಮಡಚುವ ಚಾಕು ಮಾಡಲು ಬರುತ್ತದೆಯೇ ಎಂಬ ಸಂದೇಹ ಬರಬಹುದು. ಎಲೆಅಡಿಕೆ ತಟ್ಟೆಯ ಅಡಕತ್ತರಿಯನ್ನೇ ಎತ್ತಿ ನೋಡಿ. ಎರಡು ಕೈಗಳು, ಒಂದು ಕೀಲು, ಒಂದು ಅಲಗು. ಕೀಲು ಸಡಿಲವಾದರೆ ಅಡಿಕೆ ಜಾರುತ್ತದೆ, ಬಿಗಿಯಾದರೆ ಅಜ್ಜಿಯ ಕೈ ನೋಯುತ್ತದೆ. ಒಳ್ಳೆಯ ಅಡಕತ್ತರಿ ಮಾಡಿದವರಿಗೆ ಮಡಚುವ ಚಾಕಿನ ಅರ್ಧ ಕೆಲಸ ಆಗಲೇ ಗೊತ್ತಿದೆ. ಆದ್ದರಿಂದ ಕುಲುಮೆಗೆ ಹೋದಾಗ ಮೊದಲು ಅವರು ಮಾಡಿದ ಅಡಕತ್ತರಿಯನ್ನು ಕೇಳಿ ನೋಡಿ. ತೆರೆದು ಮುಚ್ಚುವಾಗ ಅಲಗು ಪಕ್ಕಕ್ಕೆ ಅಲುಗಾಡುತ್ತದೆಯೇ ಎಂದು ಗಮನಿಸಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿದಿಲ್ಲ.

ಮಡಚುವ ಚಾಕುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಕೇವಲ ಕೀಲಿನ ಬಿಗಿಯಿಂದ ನಿಲ್ಲುವಂಥದ್ದು. ಎರಡನೆಯದರಲ್ಲಿ ಹಿಡಿಯ ಬೆನ್ನಿನಲ್ಲಿ ಒಂದು ಸ್ಪ್ರಿಂಗ್ ಪಟ್ಟಿಯಿದ್ದು ಅದು ಅಲಗಿನ ಬುಡವನ್ನು ಸದಾ ಒತ್ತುತ್ತಿರುತ್ತದೆ. ತೆರೆದಾಗ ಮತ್ತು ಮುಚ್ಚಿದಾಗ ಟಕ್ಕೆಂದು ಕೂರುತ್ತದೆ. ಮೂರನೆಯದಕ್ಕೆ ಬೀಗದಂಥ ತಡೆ ಇರುತ್ತದೆ. ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗಾಗಿ ಮಾಡಿದ ಮರದ ಹಿಡಿಯ ಚಾಕು ಮೊದಲನೆಯ ಬಗೆಯದು. ತೆರೆದ ಅಲಗು ತಾನಾಗಿ ಮುಚ್ಚದಂತೆ ತಡೆಯುವ ತಿರುಗುಬಳೆ ಅದಕ್ಕೆ ಸೇರಿದ್ದು 1955ರಲ್ಲಿ. ಅಂದರೆ ಅರವತ್ತೈದು ವರ್ಷ ಜನ ಬರೀ ಬಿಗಿ ಕೀಲನ್ನೇ ನಂಬಿ ಕೆಲಸ ಮಾಡಿದರು. ಜಪಾನಿನ ಹಿಗೊನೊಕಾಮಿ ಎಂಬ ಚಾಕಿನಲ್ಲಿ ಕೀಲಿನ ಹಿಂದಕ್ಕೆ ಅಲಗಿನದೇ ಒಂದು ಸಣ್ಣ ಬಾಲ ಚಾಚಿರುತ್ತದೆ. ಚಾಕು ತೆರೆದಾಗ ಆ ಬಾಲ ಹಿಡಿಯ ಬೆನ್ನಿನ ಮೇಲೆ ಬಂದು ಕೂರುತ್ತದೆ. ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದರೆ ಅಲಗು ಮಡಚಿಕೊಳ್ಳಲಾರದು. ಸ್ಪ್ರಿಂಗ್ ಬೇಡ, ಬೀಗ ಬೇಡ. ಹಳ್ಳಿಯ ಕುಲುಮೆಯಲ್ಲಿ ಮಾಡಿಸುವುದಾದರೆ ಈ ಬಾಲವಿರುವ ಬಗೆಯೇ ಮೇಲು. ಕೆಟ್ಟರೆ ರಿಪೇರಿ ಮಾಡುವುದೂ ಸುಲಭ: ಕೀಲಿನ ಮೊಳೆಯ ತಲೆಗೆ ಸುತ್ತಿಗೆಯಿಂದ ಎರಡು ಮೆದು ಏಟು ಹಾಕಿದರೆ ಮತ್ತೆ ಬಿಗಿಯಾಗುತ್ತದೆ.

ಕುಲುಮೆಗೆ ಹೋಗುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿ. ದಪ್ಪ ರಟ್ಟಿನಲ್ಲಿ ಅಲಗನ್ನೂ ಹಿಡಿಯ ಎರಡು ಪಕ್ಕಗಳನ್ನೂ ಕತ್ತರಿಸಿ, ಗುಂಡುಸೂಜಿ ಚುಚ್ಚಿ ಕೀಲು ಮಾಡಿ. ಎರಡೂವರೆ ಅಂಗುಲದ ಅಲಗು, ನಾಲ್ಕು ಅಂಗುಲದ ಹಿಡಿ ಇಟ್ಟುಕೊಳ್ಳಿ. ಕಸಿಗೆ ಅದಕ್ಕಿಂತ ದೊಡ್ಡದು ಬೇಡ. ಮಡಚಿ ನೋಡಿ. ತುದಿ ಹಿಡಿಯಿಂದ ಹೊರಗೆ ಇಣುಕುತ್ತದೆಯೇ? ಬಾಲ ಎಲ್ಲಿ ಹೋಗಿ ಕೂರುತ್ತದೆ? ಉಗುರಿಗೆ ಸಿಕ್ಕುವಷ್ಟು ಬೆನ್ನು ಹೊರಗಿದೆಯೇ? ಕೀಲಿನಿಂದ ತುದಿಯವರೆಗಿನ ಅಳತೆ ಹಿಡಿಯೊಳಗಿನ ಸಂದಿಗಿಂತ ಕಡಿಮೆಯಿರಬೇಕು ಎಂಬ ಸರಳ ರೇಖಾಗಣಿತ ಕಾಗದದ ಚಿತ್ರದಲ್ಲಿ ತಪ್ಪಿಹೋಗುತ್ತದೆ, ರಟ್ಟಿನಲ್ಲಿ ತಪ್ಪುವುದಿಲ್ಲ. ಆಚಾರ್ರಿಗೂ ಮಾತಿಗಿಂತ ರಟ್ಟು ಬೇಗ ಅರ್ಥವಾಗುತ್ತದೆ.

ಉಕ್ಕು ಎಲ್ಲಿಂದ?

ಇಂದಿನ ಹಳ್ಳಿಯ ಕುಲುಮೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಲಾರಿ, ಜೀಪುಗಳ ಹಳೆಯ ಸ್ಪ್ರಿಂಗ್ ಪ್ಲೇಟು. ಇದರಲ್ಲಿ ನೂರಕ್ಕೆ ಸುಮಾರು ಅರ್ಧದಿಂದ 0.6 ಭಾಗ ಇಂಗಾಲವಿರುತ್ತದೆ. ಕಿಟಕಿಯ ಸರಳಿನಂಥ ಮೆದು ಕಬ್ಬಿಣದಲ್ಲಿ ಇದರ ಅರ್ಧದಷ್ಟೂ ಇರುವುದಿಲ್ಲ. ಅದನ್ನು ಎಷ್ಟು ಕಾಸಿ ನೀರಿಗದ್ದಿದರೂ ಒಳ್ಳೆಯ ಬಾಯಿ ಬರುವುದಿಲ್ಲ. ಸವೆದ ಹಳೆಯ ಅರದಲ್ಲಿ ನೂರಕ್ಕೆ ಒಂದು ಭಾಗಕ್ಕೂ ಮಿಕ್ಕಿ ಇಂಗಾಲವಿರುತ್ತದೆ. ಬೇಲಿ ಸವರುವ ಕತ್ತಿಗೆ ಪ್ಲೇಟು ಒಳ್ಳೆಯದು, ಗಂಟುಮರಕ್ಕೆ ಬಡಿದರೂ ತಡೆದುಕೊಳ್ಳುತ್ತದೆ. ಕಸಿ ಚಾಕಿಗೆ ಅರದ ಉಕ್ಕು ಉತ್ತಮ, ಏಕೆಂದರೆ ಅದಕ್ಕೆ ಏಟು ಬೀಳುವುದಿಲ್ಲ, ಚೂಪು ಮಾತ್ರ ಬಹುಕಾಲ ನಿಲ್ಲಬೇಕು. ಮನೆಯಲ್ಲಿ ಗರಗಸ ಮಸೆದು ಸವೆದುಹೋದ ಅರವಿದ್ದರೆ ಎಸೆಯಬೇಡಿ, ಕುಲುಮೆಗೆ ಒಯ್ಯಿರಿ.

ಲಾರಿಗಳು ಬರುವ ಮೊದಲೂ ನಮ್ಮ ನಾಡಿನಲ್ಲಿ ಉಕ್ಕಿತ್ತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯ ಸಂಚಾರ ಹೊರಟ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ವರದಿಯಲ್ಲಿ, ಹಳ್ಳಿಯವರು ಕಬ್ಬಿಣದ ಮರಳನ್ನು ಇದ್ದಿಲಿನಲ್ಲಿ ಕರಗಿಸುತ್ತಿದ್ದುದೂ ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುತ್ತಿದ್ದುದೂ ವಿವರವಾಗಿ ದಾಖಲಾಗಿವೆ. ದಕ್ಷಿಣ ಭಾರತದ ಈ ಮೂಸೆ ಉಕ್ಕನ್ನು ಯುರೋಪಿನವರು 'ವೂಟ್ಸ್' ಎಂದು ಕರೆದರು. ನಮ್ಮ 'ಉಕ್ಕು' ಎಂಬ ಮಾತೇ ಹಾಗಾಯಿತೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಇದರ ಬಗ್ಗೆ ಪ್ರಬಂಧ ಮಂಡಿಸಿದ. ಕೆಲವು ವರ್ಷಗಳ ತರುವಾಯ ಇದರ ಗುಟ್ಟು ಹುಡುಕಲು ಕುಳಿತವರಲ್ಲಿ ಒಬ್ಬ ಮೈಕೆಲ್ ಫ್ಯಾರಡೆ. ಜೊತೆಗಾರ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಅದೇ ಫ್ಯಾರಡೆ. ಆತನ ತಂದೆ ಕಮ್ಮಾರ ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದು ಅಪರೂಪ.

ನಮ್ಮ ಜಿಲ್ಲೆಗೂ ಈ ಕಥೆಯಲ್ಲಿ ಒಂದು ಜಾಗವಿದೆ. 1918ರಲ್ಲಿ ಆರಂಭಗೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಅದನ್ನು ಕರಗಿಸುತ್ತಿದ್ದುದು ಮಲೆನಾಡಿನ ಕಾಡಿನ ಇದ್ದಿಲು. ಕುಲುಮೆಯ ವಿದ್ಯೆಯನ್ನೇ ಸಾವಿರ ಪಟ್ಟು ಹಿಗ್ಗಿಸಿದಂತೆ. ಇಷ್ಟು ಸಾಕು, ಮತ್ತೆ ನಮ್ಮ ಸಣ್ಣ ಕುಲುಮೆಗೆ ಬರೋಣ.

ಹದ

ದೂರದರ್ಶನದ ಪರದೆಯಲ್ಲಿ ಕುಲುಮೆಯನ್ನು ನೋಡಿದಾಗ ನಿಮ್ಮ ಕಣ್ಣು ಸುತ್ತಿಗೆಯ ಮೇಲಿರುತ್ತದೆ. ಕಿಡಿ ಹಾರುತ್ತದೆ, ಅಡಿಗಲ್ಲು ಮೊಳಗುತ್ತದೆ. ಆದರೆ ಚಾಕಿನ ಜೀವ ನಿರ್ಧಾರವಾಗುವುದು ಬಡಿಯುವಾಗ ಅಲ್ಲ. ಬಡಿದು, ಅರ ಹಾಕಿ, ರೂಪ ಬಂದ ಮೇಲೆ ಬರುವ ಕೆಲವೇ ನಿಮಿಷಗಳಲ್ಲಿ. ಅದಕ್ಕೆ ಹದ ಹಾಕುವುದು ಎನ್ನುತ್ತಾರೆ. ಅಲ್ಲಿ ಸದ್ದೇ ಇರುವುದಿಲ್ಲ.

ಮೊದಲು ಅಲಗನ್ನು ಇದ್ದಿಲಿನಲ್ಲಿ ನಿಧಾನವಾಗಿ ಕಾಸುತ್ತಾರೆ. ಬಣ್ಣ ಹಣ್ಣಾದ ಕಾಫಿ ಬೀಜದ ಕೆಂಪಿಗೆ ಬರಬೇಕು. ಹಳದಿಗೆ ಹೋದರೆ ಉಕ್ಕಿನ ಕಣಗಳು ದಪ್ಪವಾಗಿ ಅಲಗು ಬಿಸ್ಕತ್ತಿನಂತೆ ಮುರಿಯುತ್ತದೆ. ಕುಲುಮೆಯ ಮಾಡು ತಗ್ಗಾಗಿ, ಒಳಗೆ ಅರೆಗತ್ತಲೆ ಏಕಿರುತ್ತದೆ ಎಂದು ನೀವು ಯೋಚಿಸಿರಬಹುದು. ಬಡತನವೊಂದೇ ಕಾರಣವಲ್ಲ. ಬಿಸಿಲಿನಲ್ಲಿ ಈ ಕೆಂಪಿನ ಛಾಯೆಗಳು ಕಾಣುವುದಿಲ್ಲ. ನಿಮಗೊಂದು ಪ್ರಯೋಗ ಬೇಕೆಂದರೆ, ಆಚಾರ್ರ ಅನುಮತಿ ಕೇಳಿ, ಉದ್ದನೆಯ ತಂತಿಯ ತುದಿಗೆ ಕಟ್ಟಿದ ಆಯಸ್ಕಾಂತವನ್ನು ಅವರೇ ಕಾದ ಅಲಗಿನ ಬಳಿ ಹಿಡಿಯಲಿ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕಬ್ಬಿಣ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅರದಂಥ ಉಕ್ಕಿಗೆ ಅದಕ್ಕಿಂತ ಸ್ವಲ್ಪ ಮೇಲಿನ ಕಾವು ಸಾಕು. ಕಣ್ಣಿನಿಂದಲೇ ಆಚಾರ್ರು ಗುರುತಿಸುವ ಕೆಂಪು ಎಷ್ಟು ಕರಾರುವಾಕ್ಕಾಗಿದೆಯೆಂದು ಆಗ ಗೊತ್ತಾಗುತ್ತದೆ.

ಆ ಕ್ಷಣದಲ್ಲಿ ಅಲಗನ್ನು ಎಣ್ಣೆಗೋ ನೀರಿಗೋ ಅದ್ದುತ್ತಾರೆ. ನಿಧಾನವಾಗಿ ಆರಿದ್ದರೆ ಇಂಗಾಲದ ಪರಮಾಣುಗಳು ಕಬ್ಬಿಣದ ಜಾಲದಿಂದ ಹೊರಗೆ ಸರಿದು ಬೇರೆ ಕೂರುತ್ತಿದ್ದವು. ಥಟ್ಟನೆ ತಣಿದಾಗ ಹೊರಬರಲು ಸಮಯವಿಲ್ಲದೆ ಒಳಗೇ ಸಿಕ್ಕಿಬೀಳುತ್ತವೆ. ಜಾಲ ಹಿಗ್ಗಿ, ಬಿಗಿದು, ಉಕ್ಕು ಅತಿ ಗಡಸಾಗುತ್ತದೆ. ಈ ಸ್ಥಿತಿಗೆ ಜರ್ಮನಿಯ ಲೋಹವಿಜ್ಞಾನಿ ಅಡಾಲ್ಫ್ ಮಾರ್ಟೆನ್ಸ್‌ನ ನೆನಪಿನಲ್ಲಿ ಮಾರ್ಟೆನ್‌ಸೈಟ್ ಎಂದು ಹೆಸರು. ತೆಳ್ಳನೆಯ ಅಲಗು ನೀರಿನಲ್ಲಿ ಸೀಳುವ ಭಯವಿರುವುದರಿಂದ ಎಣ್ಣೆಯೇ ಕ್ಷೇಮ.

ಈಗ ಅಲಗು ಗಡಸು, ಆದರೆ ಪೆಡಸು. ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಗಾಜಿನಂತೆ ಒಡೆದೀತು. ಆದ್ದರಿಂದ ಎರಡನೆಯ ಬಾರಿ, ಬಹಳ ಮೆದುವಾಗಿ ಕಾಸಬೇಕು. ಅಲಗಿನ ಮೈಯನ್ನು ಉಜ್ಜಿ ಹೊಳಪು ಮಾಡಿ, ಬೆನ್ನಿನ ಕಡೆಯಿಂದ ಬಿಸಿ ಕೊಟ್ಟರೆ ಬಣ್ಣಗಳು ಒಂದರ ಹಿಂದೊಂದು ಬಾಯಿಯ ಕಡೆಗೆ ಹರಿದು ಬರುತ್ತವೆ: ಸುಮಾರು 230 ಡಿಗ್ರಿಗೆ ಒಣಹುಲ್ಲಿನ ಹಳದಿ, 255ರ ಹೊತ್ತಿಗೆ ಕಂದು, 280ಕ್ಕೆ ನೇರಳೆ, 300ರ ಆಸುಪಾಸು ನೀಲಿ. ಇದು ಲೋಹದ ಬಣ್ಣವಲ್ಲ. ಮೇಲ್ಮೈಯಲ್ಲಿ ಹುಟ್ಟುವ ತೆಳ್ಳನೆಯ ಆಕ್ಸೈಡ್ ಪದರದಲ್ಲಿ ಬೆಳಕು ಆಡುವ ಆಟ. ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಬಿದ್ದ ಡೀಸೆಲ್ಲಿನಲ್ಲಿ ಕಾಣುವ ಬಣ್ಣಗಳಿಗೂ ಇದೇ ಬಗೆಯ ಕಾರಣ. ಕಸಿ ಚಾಕಿನ ಬಾಯಿ ಒಣಹುಲ್ಲಿನ ಬಣ್ಣಕ್ಕೆ ಬಂದಾಗ ನಿಲ್ಲಿಸಬೇಕು. ಮರ ಕಡಿಯುವ ಕತ್ತಿಯಾದರೆ ನೇರಳೆಯವರೆಗೆ ಬಿಡಬಹುದು. ಎರಡು ಬಣ್ಣಗಳ ನಡುವೆ ಕೆಲವೇ ಕ್ಷಣಗಳ ಅಂತರ. ಆ ಹೊತ್ತಿನಲ್ಲಿ ಆಚಾರ್ರನ್ನು ಮಾತಾಡಿಸಬೇಡಿ.

ಹಿಡಿಗೆ ಏನು ಹಾಕಿಸಬೇಕು? ಹಲಸು ಹಗುರ, ಕೆತ್ತಲು ಸುಲಭ. ಬಗನೆ ಮರದ ಹೊರಮೈಯ ಕಪ್ಪು ತಿರುಳು ಗಟ್ಟಿ. ಬುಡ ಕಿತ್ತ ಹಳೆಯ ಕಾಫಿ ಗಿಡದ ಕಾಂಡ ಒಣಗಿದರೆ ಅಷ್ಟೇ ಚೆನ್ನ, ಅದೂ ಪುಕ್ಕಟೆ. ಹಳೆಯ ಮನೆಗಳಲ್ಲಿ ಕಡವೆ ಕೊಂಬಿನ ಹಿಡಿಯ ಚಾಕುಗಳನ್ನು ನೀವು ಕಂಡಿರಬಹುದು. ಅಂಥದ್ದನ್ನು ಈಗ ಕೇಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬು ಎಂಬ ಸಬೂಬು ನಡೆಯುವುದಿಲ್ಲ.

ಕಾನೂನಿನ ಇನ್ನೊಂದು ಮಾತು. ಒಂಬತ್ತು ಅಂಗುಲಕ್ಕಿಂತ ಉದ್ದದ ಅಥವಾ ಎರಡು ಅಂಗುಲಕ್ಕಿಂತ ಅಗಲದ ಅಲಗನ್ನು, ಅದು ಮನೆಗೆಲಸ, ಬೇಸಾಯ, ವಿಜ್ಞಾನ ಅಥವಾ ಕೈಗಾರಿಕೆಗಾಗಿ ಮಾಡಿದ್ದಲ್ಲದಿದ್ದರೆ, ನಮ್ಮ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದು ಎಣಿಸುತ್ತವೆ. ನಿಮ್ಮ ಎರಡೂವರೆ ಅಂಗುಲದ ಕಸಿ ಚಾಕು ಆ ಸಾಲಿಗೆ ಬರುವುದಿಲ್ಲ. ಹಾಗೆಂದು ಅದನ್ನು ಶಾಲೆಯ ಚೀಲದಲ್ಲೋ ಜಾತ್ರೆಗೋ ಒಯ್ಯುವುದು ಸಲ್ಲದು. ತೋಟದ ಚಾಕು ತೋಟದಲ್ಲಿರಲಿ. ಕುಲುಮೆಗೆ ಹೋಗುವಾಗ ಮನೆಯ ಹಿರಿಯರೊಬ್ಬರು ಜೊತೆಗಿರಲಿ; ನಿಮ್ಮ ವಯಸ್ಸಿನವರು ಒಬ್ಬರೇ ಹೋಗಿ ಚಾಕು ಮಾಡಿಕೊಡಿ ಎಂದರೆ ಒಳ್ಳೆಯ ಆಚಾರ್ರು ಒಪ್ಪಲಾರರು, ಒಪ್ಪಬಾರದು ಕೂಡ.

ನನ್ನ ಚಾಕಿನ ಕಥೆ

ಇಷ್ಟೆಲ್ಲ ಹೇಳುವ ನಾನು ಮೊದಲ ಸಲ ಎಡವಿದ್ದನ್ನೂ ಹೇಳಬೇಕು. ಕಸಿ ಚಾಕು ಬೇಕೆಂದು ಆ ಕಡೆಯ ಒಂದು ಕುಲುಮೆಗೆ ಹೋದೆ. ರಟ್ಟಿನ ಮಾದರಿ ಒಯ್ದಿದ್ದೆ, ಹಳೆಯ ಅರ ಒಯ್ದಿದ್ದೆ, ಅಳತೆ ಬರೆದ ಚೀಟಿಯನ್ನೂ ಕೊಟ್ಟೆ. ಎಲ್ಲ ಹೇಳಿದೆನೆಂಬ ಹೆಮ್ಮೆ ನನಗೆ. ಎರಡು ವಾರದ ಮೇಲೆ ಚಾಕು ಕೈಗೆ ಬಂತು. ಕೀಲು ರೇಷ್ಮೆಯಂತೆ, ಅಲಗು ಕನ್ನಡಿಯಂತೆ. ಮನೆಗೆ ಬಂದು ಮಾವಿನ ಕಡ್ಡಿಯನ್ನು ಕೊಯ್ದರೆ ಅಲಗು ಒಳಗೊಳಗೆ ಇಳಿದು ಕಡ್ಡಿಯೇ ತುಂಡಾಯಿತು. ಮತ್ತೊಂದು ಕಡ್ಡಿ, ಮತ್ತೂ ಹಾಗೆಯೇ. ಮರುದಿನ ಸ್ವಲ್ಪ ಸಿಟ್ಟಿನಿಂದಲೇ ಕುಲುಮೆಗೆ ಹೋದೆ. ಆಚಾರ್ರು ಮಾತಾಡದೆ ಒಂದು ಕಡ್ಡಿ ಕೊಟ್ಟು ಕೊಯ್ಯಲು ಹೇಳಿದರು. ನಾನು ಕೊಯ್ದೆ. ಅವರು ನಕ್ಕರು.

"ನೀವು ಎಡಗೈಯವರು ಅಂತ ಹೇಳಲೇ ಇಲ್ಲವಲ್ಲ!"

ಒಂದೇ ಕಡೆ ಮಸೆದ ಅಲಗಿಗೆ ಎಡಬಲ ಇದೆ. ಬಲಗೈಯವರ ಚಾಕನ್ನು ಎಡಗೈಯಲ್ಲಿ ಹಿಡಿದರೆ ಚಪ್ಪಟೆ ಮೈ ಹೊರಕ್ಕೆ, ಇಳಿಜಾರು ಕಡ್ಡಿಯ ಕಡೆಗೆ ಬರುತ್ತದೆ. ತಪ್ಪು ಕುಲುಮೆಯದಲ್ಲ, ನನ್ನ ಚೀಟಿಯದು. ಐವತ್ತು ವರ್ಷ ಜೊತೆಗಿದ್ದ ನನ್ನ ಕೈಯನ್ನೇ ನಾನು ಬರೆದಿರಲಿಲ್ಲ. ಆ ಅಲಗನ್ನು ತಿರುಗಿಸಿ ಮಸೆಯಲು ಬರುವಷ್ಟು ದಪ್ಪ ಉಳಿದಿರಲಿಲ್ಲ. ಹೊಸ ಅಲಗು ಮಾಡಿ ಅದೇ ಹಿಡಿಗೆ ಕೂರಿಸಿಕೊಟ್ಟರು. ಅರ್ಧ ಹಣ ಸಾಕೆಂದರು, ಪೂರ್ತಿ ಕೊಟ್ಟೆ. ಹಳೆಯ ಅಲಗನ್ನು ಅವರೇ ಇಟ್ಟುಕೊಂಡರು, ಬಲಗೈಯವರು ಯಾರಾದರೂ ಬಂದಾರು ಎಂದು.

ಬೆಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಕಾರ್ಖಾನೆಯ ಚಾಕು ಇದಕ್ಕಿಂತ ಅಗ್ಗಕ್ಕೆ ಸಿಕ್ಕೇ ಸಿಗುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಸುಮ್ಮನೆ ಹಣ್ಣು ಕತ್ತರಿಸಲು ಚಾಕು ಬೇಕಿದ್ದರೆ ಅದನ್ನೇ ಕೊಳ್ಳಿ, ಕುಲುಮೆಯವರ ಸಮಯ ಹಾಳು ಮಾಡಬೇಡಿ. ಕೆಲಸಕ್ಕೆ ತಕ್ಕ ಚಾಕು ಬೇಕಿದ್ದರೆ ಮಾತ್ರ ಬನ್ನಿ; ಬಂದ ಮೇಲೆ ಅಂಗಡಿಯ ಬೆಲೆ ತೋರಿಸಿ ಚೌಕಾಸಿ ಮಾಡಬೇಡಿ. ನನ್ನ ಚಾಕಿನ ಮೇಲೆ ಅವರು ಕಳೆದದ್ದು ಒಂದೂವರೆ ದಿನ. ಒಂದೂವರೆ ದಿನ ತೋಟದಲ್ಲಿ ಆಳಾಗಿ ದುಡಿದರೆ ಎಷ್ಟು ಸಿಗುತ್ತದೆಂದು ನಿಮ್ಮ ಮನೆಯಲ್ಲಿ ಕೇಳಿ ನೋಡಿ, ಅದರ ಮೇಲೆ ಇದ್ದಿಲಿನ ಖರ್ಚು ಸೇರಿಸಿ. ಹೇಳುವಾಗಲೇ ಸ್ವಲ್ಪ ಮುಂಗಡ ಕೊಡಿ.

ಹೋಗುವ ಕಾಲವನ್ನೂ ನೋಡಿಕೊಳ್ಳಿ. ಮಳೆ ಹಿಡಿಯುವ ಮೊದಲು ಗುದ್ದಲಿ, ನೇಗಿಲಿನ ಕೆಲಸ. ಅಡಿಕೆ ಕೊಯ್ಲಿನ ಮೊದಲು ಕತ್ತಿಗಳ ಸಾಲು. ಆಗ ನಿಮ್ಮ ಚಾಕನ್ನು ಕೇಳುವವರಿಲ್ಲ. ಕೊಯ್ಲು ಮುಗಿದ ಫೆಬ್ರವರಿ, ಮಾರ್ಚಿನಲ್ಲಿ ಹೋದರೆ ಆಚಾರ್ರಿಗೆ ಪುರುಸೊತ್ತು, ನಿಮಗೆ ತಿದಿ ಒತ್ತುವ ಅವಕಾಶವೂ ಸಿಕ್ಕೀತು. ಈಗ ಬಹಳ ಕಡೆ ತಿದಿಯ ಜಾಗದಲ್ಲಿ ಗಾಳಿಯ ಫ್ಯಾನು ಬಂದಿದೆ. ಅದರ ಹಿಡಿ ತಿರುಗಿಸುವುದೂ ಸುಲಭವೇನಲ್ಲ.

ಚಾಕು ಬಂದ ಮೇಲೆ ಮೊದಲ ಮಳೆಗಾಲ ಕಷ್ಟದ್ದು. ಮಲೆನಾಡಿನ ಆಷಾಢದಲ್ಲಿ ಒಂದು ರಾತ್ರಿ ಒದ್ದೆ ಬಿಟ್ಟರೆ ಬೆಳಗ್ಗೆ ಕೆಂಪು ಚುಕ್ಕೆ. ಕೆಲಸ ಮುಗಿದೊಡನೆ ಗಿಡದ ಸೊನೆ ಒರೆಸಿ, ಅಲಗಿಗೂ ಕೀಲಿಗೂ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ. ಮಸೆಯುವುದು ನಯವಾದ ಸಾಣೆಕಲ್ಲಿನ ಮೇಲೆ, ಇಳಿಜಾರಿನ ಕಡೆಯಿಂದ ಮಾತ್ರ. ಚಪ್ಪಟೆ ಮೈಯನ್ನು ಕಲ್ಲಿಗೆ ಪೂರ್ತಿ ಒರಗಿಸಿ ಒಂದೆರಡು ಸಲ ಎಳೆದರೆ ಸಾಕು. ಯಂತ್ರದ ಚಕ್ರಕ್ಕೆ ಹಿಡಿಯಲೇಬೇಡಿ. ಬಾಯಿ ಬಿಸಿಯಾಗಿ ನೀಲಿಗೆ ತಿರುಗಿದರೆ ಆಚಾರ್ರು ಹಾಕಿದ ಹದ ಹೋಯಿತೆಂದೇ ಲೆಕ್ಕ. ಆರು ತಿಂಗಳು ಬಳಸಿದ ಮೇಲೆ ಒಮ್ಮೆ ಕುಲುಮೆಗೆ ಒಯ್ದು ತೋರಿಸಿ. ಎಲ್ಲಿ ಸವೆದಿದೆ, ಹಿಡಿಯ ಯಾವ ಜಾಗಕ್ಕೆ ಬೆವರಿನ ಕಲೆ ಬಿದ್ದಿದೆ ಎಂದು ನೋಡಿ ಅವರು ಕೀಲನ್ನೂ ಹಿಡಿಯನ್ನೂ ಸರಿಪಡಿಸಿಕೊಡುತ್ತಾರೆ. ನನ್ನ ಚಾಕಿನ ಹಿಡಿಯಲ್ಲಿ ಈಗ ಕಿರುಬೆರಳಿಗೆ ಒಂದು ಸಣ್ಣ ಗುಳಿಯಿದೆ. ಅದನ್ನು ನಾನು ಕೇಳಿರಲಿಲ್ಲ.